ದಿನಾ ರಿಲೀಸ್ ಮಾಡಿದರೆ ದಿನಾ ಕೆಡುವುದಿಲ್ಲವೇ?

ಪ್ರಶ್ನೆ: ನಮ್ಮ ತಂಡದಲ್ಲಿ ಒಂಬತ್ತು ಡೆವಲಪರ್‌ಗಳು, ಇಬ್ಬರು ಟೆಸ್ಟರ್‌ಗಳು, ಸರ್ವರ್ ನೋಡಿಕೊಳ್ಳಲು ಒಬ್ಬರು ಇದ್ದೇವೆ. ಮೂರು ಸರ್ವಿಸ್, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್. ತಿಂಗಳಿಗೊಮ್ಮೆ ಶನಿವಾರ ರಾತ್ರಿ ರಿಲೀಸ್. 40 ಸಾಲಿನ ಚೆಕ್‌ಲಿಸ್ಟ್ ನೋಡಿಕೊಂಡು ಎಲ್ಲವನ್ನೂ ಕೈಯಲ್ಲೇ ಮಾಡುತ್ತೇವೆ, ಐದಾರು ಗಂಟೆ ಹಿಡಿಯುತ್ತದೆ. ಕಳೆದ ಮೂರು ರಿಲೀಸ್‌ಗಳಲ್ಲಿ ಎರಡನ್ನು ರೋಲ್‌ಬ್ಯಾಕ್ ಮಾಡಿ ಹಳೆಯ ಆವೃತ್ತಿಗೆ ಮರಳಬೇಕಾಯಿತು. ಈಗ ಮೇಲಿನವರು ಡೆವ್‌ಆಪ್ಸ್ (ಕೋಡ್ ಬರೆಯುವವರೂ ಸರ್ವರ್ ನೋಡುವವರೂ ಒಟ್ಟಾಗಿ ಕೆಲಸ ಮಾಡುವ ಪದ್ಧತಿ) ತನ್ನಿ, ಕುಬರ್‌ನೆಟಿಸ್ (ಹಲವು ಸರ್ವರ್‌ಗಳ ಮೇಲೆ ಸರ್ವಿಸ್‌ಗಳನ್ನು ನಡೆಸುವ ಟೂಲ್) ಹಾಕಿ, ವಾರಕ್ಕೆ ಹಲವು ಸಲ ರಿಲೀಸ್ ಮಾಡಿ ಎನ್ನುತ್ತಿದ್ದಾರೆ. ತಿಂಗಳಿಗೊಮ್ಮೆ ಮಾಡಿದರೇ ಇಷ್ಟು ಕೆಡುತ್ತಿದೆ, ದಿನಾ ಮಾಡಿದರೆ ದಿನಾ ಕೆಡುವುದಿಲ್ಲವೇ? ನನ್ನನ್ನೇ ಡೆವ್‌ಆಪ್ಸ್ ಎಂಜಿನಿಯರ್ ಮಾಡುತ್ತಾರಂತೆ. ಎಲ್ಲಿಂದ ಶುರು ಮಾಡಲಿ? ಇನ್ನೊಂದು ವಿಷಯ, ಕಳೆದ ಸಲ ಯಾರ ಕೋಡ್‌ನಿಂದ ತೊಂದರೆಯಾಯಿತೋ ಆ ಹುಡುಗನಿಗೆ ಮೀಟಿಂಗಿನಲ್ಲಿ ಎಲ್ಲರ ಮುಂದೆ ಬೈದರು. ಆವತ್ತಿನಿಂದ ಆ ಮಾಡ್ಯೂಲ್ ಅನ್ನು ಯಾರೂ ಮುಟ್ಟುತ್ತಿಲ್ಲ.

ಉತ್ತರ: ನೀವು "ಇನ್ನೊಂದು ವಿಷಯ" ಅಂತ ಕೊನೆಗೆ ಸೇರಿಸಿದ್ದೀರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮ್ಮ ಸಮಸ್ಯೆಯ ಬೇರು ಅಲ್ಲೇ ಇದೆ. ಒಂದು ಸಲ ರಿಲೀಸ್ ಕೆಟ್ಟಿತು, ಭಯ ಬಂತು. ಭಯ ಬಂದದ್ದಕ್ಕೆ ರಿಲೀಸ್‌ಗಳು ಅಪರೂಪವಾದವು. ಅಪರೂಪವಾದಷ್ಟೂ ಪ್ರತಿ ರಿಲೀಸ್‌ನೊಳಗೆ ಜಾಸ್ತಿ ಬದಲಾವಣೆ ತುಂಬಿಕೊಂಡಿತು, ಅದಕ್ಕೇ ಮತ್ತೆ ಕೆಟ್ಟಿತು, ಭಯ ಇನ್ನೂ ಹೆಚ್ಚಾಯಿತು. ಇಪ್ಪತ್ತು ವರ್ಷದಲ್ಲಿ ನಾನು ಕೆಲಸ ಮಾಡಿದ ತಂಡಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಸುಳಿಯಲ್ಲೇ ಇದ್ದವು. ಇದರಿಂದ ಹೊರಬರಲು ಬೇಕಾದದ್ದು ಚಿಕ್ಕ ಬದಲಾವಣೆ, ಮೇಲಿಂದ ಮೇಲೆ. ಉಳಿದ ಟೂಲ್‌ಗಳೆಲ್ಲ ಅದನ್ನು ಸಾಧ್ಯ ಮಾಡಲು ಇರುವಂಥವು.

ನಿಮ್ಮ ಭಯವನ್ನು ಲೆಕ್ಕಕ್ಕೆ ಇಟ್ಟು ನೋಡೋಣ. ಒಂಬತ್ತು ಜನ ಒಂದು ತಿಂಗಳು ಬರೆದದ್ದು 60 ಬದಲಾವಣೆ ಎಂದುಕೊಳ್ಳಿ. ಶನಿವಾರ ರಾತ್ರಿ ಹನ್ನೊಂದಕ್ಕೆ ಸೈಟ್ ಕೆಟ್ಟಿತು. 60ರಲ್ಲಿ ಯಾವುದು? ಒಂದೊಂದೇ ಸರಿಯಿದ್ದು, ಎರಡು ಬದಲಾವಣೆ ಒಟ್ಟಿಗೆ ಸೇರಿದಾಗ ಮಾತ್ರ ಬರುವ ತೊಂದರೆಯಾದರೆ? 60ರಲ್ಲಿ ಜೋಡಿಗಳು 1770. ಅದೇ ಮೂರು ಬದಲಾವಣೆ ಹೋದ ದಿನ ಕೆಟ್ಟರೆ ನೋಡಬೇಕಾದ ಜೋಡಿಗಳು ಮೂರೇ. ಬರೆದವರಿಗೂ ನಿನ್ನೆ ಏನು ಬರೆದೆ ಅಂತ ನೆನಪಿರುತ್ತದೆ. ಮೂರು ವಾರದ ಹಿಂದೆ ಬರೆದದ್ದು ಯಾರಿಗೆ ನೆನಪಿರುತ್ತದೆ ಹೇಳಿ? ದಿನಾ ರಿಲೀಸ್ ಮಾಡಿದರೂ ತೊಂದರೆ ಬಂದೇ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಂದದ್ದು ಚಿಕ್ಕದಾಗಿರುತ್ತದೆ, ಬೇಗ ಸಿಗುತ್ತದೆ, ಬೇಗ ಸರಿಹೋಗುತ್ತದೆ.

ಇದು ನನ್ನೊಬ್ಬನ ಅನುಭವವೂ ಅಲ್ಲ. ನಿಕೋಲ್ ಫೋರ್ಸ್‌ಗ್ರೆನ್, ಜೆಜ್ ಹಂಬಲ್, ಜೀನ್ ಕಿಮ್ ಅವರು ಕಟ್ಟಿದ, 2018ರಿಂದ ಗೂಗಲ್ ಜೊತೆ ಇರುವ ಡೋರಾ ಎಂಬ ಸಂಶೋಧನೆ ಇದನ್ನೇ ವರ್ಷಗಟ್ಟಲೆ ಅಳೆದಿದೆ. ಅವರು ನೋಡಿದ ಮುಖ್ಯ ಅಳತೆ ನಾಲ್ಕು: ಎಷ್ಟು ಸಲ ಡಿಪ್ಲಾಯ್ ಮಾಡುತ್ತೀರಿ (ಹೊಸ ಕೋಡ್ ಅನ್ನು ಸರ್ವರ್‌ಗೆ ಹಾಕುತ್ತೀರಿ), ಬರೆದ ಕೋಡ್ ಪ್ರೊಡಕ್ಷನ್ (ಬಳಕೆದಾರರು ನಿಜವಾಗಿ ಬಳಸುವ ಸರ್ವರ್) ಮುಟ್ಟಲು ಎಷ್ಟು ಹೊತ್ತು, ಹೋದದ್ದರಲ್ಲಿ ಎಷ್ಟು ಕೆಡುತ್ತದೆ, ಕೆಟ್ಟದ್ದನ್ನು ಸರಿಮಾಡಲು ಎಷ್ಟು ಹೊತ್ತು. ಮೊದಲ ಎರಡು ವೇಗದ್ದು, ಮುಂದಿನ ಎರಡು ಸ್ಥಿರತೆಯದ್ದು. ವೇಗ ಬೇಕಾದರೆ ಸ್ಥಿರತೆ ಬಿಡಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಅವರಿಗೆ ಸಾಮಾನ್ಯವಾಗಿ ಕಂಡದ್ದು, ಒಂದರಲ್ಲಿ ಮುಂದಿರುವ ತಂಡ ಇನ್ನೊಂದರಲ್ಲೂ ಮುಂದಿರುತ್ತದೆ ಎಂಬುದು. ತಂಡದ ಹೊರಗಿನ ಸಮಿತಿಯೊಂದು ಪ್ರತಿ ಬದಲಾವಣೆಗೆ ಒಪ್ಪಿಗೆ ಕೊಡುವ ಪದ್ಧತಿ ಕೆಲಸವನ್ನು ನಿಧಾನ ಮಾಡುತ್ತದೆ, ಕೆಡುವುದನ್ನು ಕಡಿಮೆ ಮಾಡುವುದಿಲ್ಲ ಎಂಬುದೂ ಅವರಿಗೆ ಕಂಡಿತು. ಮೇಲಿನವರು ಮುಂದಿನ ಸಲ "ಇನ್ನೊಂದು ಅಪ್ರೂವಲ್ ಸೇರಿಸೋಣ" ಅಂದಾಗ ಇದನ್ನು ಹೇಳಿ.

ಇನ್ನು ಕುಬರ್‌ನೆಟಿಸ್. 2009ರಲ್ಲಿ ಫೋಟೋ ತಾಣ ಫ್ಲಿಕರ್‌ನ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ಒಂದು ಸಮ್ಮೇಳನದಲ್ಲಿ ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಡಿಪ್ಲಾಯ್ ಮಾಡುವುದು ಹೇಗೆ ಅಂತ ವಿವರಿಸಿದರು. ಅದೇ ವರ್ಷ ಪ್ಯಾಟ್ರಿಕ್ ಡಿಬೋವಾ ನಡೆಸಿದ ಸಭೆಯಿಂದ ಡೆವ್‌ಆಪ್ಸ್ ಎಂಬ ಹೆಸರು ಹರಡಿತು. ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದನ್ನೆಲ್ಲ ಒಂದೇ ಕಟ್ಟಾಗಿ (ಕಂಟೇನರ್) ಮಾಡುವ ಡಾಕರ್ ಬಂದದ್ದು 2013ರಲ್ಲಿ. ಕುಬರ್‌ನೆಟಿಸ್ 2014ರಲ್ಲಿ. ಅಂದರೆ ಈ ಎರಡೂ ಹುಟ್ಟುವ ಮೊದಲೇ ಜನ ದಿನಕ್ಕೆ ಹತ್ತು ಸಲ ರಿಲೀಸ್ ಮಾಡುತ್ತಿದ್ದರು. ಅವರ ಹತ್ತಿರ ಇದ್ದದ್ದು ಒಂದು ಬಟನ್ ಒತ್ತಿದರೆ ಆಗುವ ಬಿಲ್ಡ್ (ಕೋಡ್‌ನಿಂದ ಓಡುವ ಪ್ರೋಗ್ರಾಂ ಮಾಡುವುದು) ಮತ್ತು ಡಿಪ್ಲಾಯ್, ಫೀಚರ್ ಫ್ಲ್ಯಾಗ್ (ಕೋಡ್‌ನ ಒಂದು ಭಾಗವನ್ನು ಆನ್, ಆಫ್ ಮಾಡುವ ಸ್ವಿಚ್), ಎಲ್ಲರೂ ನೋಡುವ ಗ್ರಾಫ್‌ಗಳು, ಜೊತೆಗೆ ಕೋಡ್ ಬರೆಯುವವರು ಮತ್ತು ಸರ್ವರ್ ನೋಡುವವರ ನಡುವೆ ನಂಬಿಕೆ.

ಕುಬರ್‌ನೆಟಿಸ್ ಒಳ್ಳೆಯದೇ, ನಾನೇ ದೊಡ್ಡ ತಂಡಗಳಲ್ಲಿ ಬಳಸಿದ್ದೇನೆ. ಆದರೆ ವರ್ಷಕ್ಕೆ ಅದರ ಮೂರು ಹೊಸ ಆವೃತ್ತಿ ಬರುತ್ತವೆ, ಒಂದೊಂದಕ್ಕೂ ಸುಮಾರು 14 ತಿಂಗಳು ಮಾತ್ರ ಬೆಂಬಲ. ಅಪ್‌ಗ್ರೇಡ್ ಮಾಡುವುದೇ ಒಂದು ನಿರಂತರ ಕೆಲಸ. ಅದರ ಮೇಲೆ ನೆಟ್‌ವರ್ಕ್, ಸ್ಟೋರೇಜ್, ಪರ್ಮಿಷನ್ ಎಲ್ಲ ಹೊಸದಾಗಿ ಕಲಿಯಬೇಕು. ಮೂರು ಸರ್ವಿಸ್‌ಗೆ, ಸರ್ವರ್ ನೋಡುವ ಒಬ್ಬರನ್ನು ಇಟ್ಟುಕೊಂಡು, ಈಗ ಬೇಡ. ಕಂಟೇನರ್ ಮಾಡಿಕೊಳ್ಳಿ, ಅದನ್ನು ಎರಡು ಮೂರು ಮಾಮೂಲಿ ಸರ್ವರ್ ಮೇಲೋ ಕ್ಲೌಡ್‌ನವರೇ ನಡೆಸುವ ಕಂಟೇನರ್ ಸೇವೆಯಲ್ಲೋ ಓಡಿಸಿ. ನಾಳೆ ಸರ್ವಿಸ್‌ಗಳು ಇಪ್ಪತ್ತಾದಾಗ ಅದೇ ಕಂಟೇನರ್‌ಗಳನ್ನು ಕುಬರ್‌ನೆಟಿಸ್‌ಗೆ ಒಯ್ಯಬಹುದು, ಏನೂ ವ್ಯರ್ಥವಾಗುವುದಿಲ್ಲ.

ಹಾಗಾದರೆ ಮೊದಲು ಏನು ಮಾಡಬೇಕು? ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ತಿಂಗಳು ಪ್ರೊಡಕ್ಷನ್‌ಗೆ ಹೋದ ಒಂದು ಸಾಮಾನ್ಯ ಬದಲಾವಣೆ ಆರಿಸಿ ಅದರ ಪಯಣ ಬರೆಯಿರಿ: ಕೋಡ್ ಮುಗಿದದ್ದು ಯಾವಾಗ, ರಿವ್ಯೂ ಆದದ್ದು ಯಾವಾಗ, ಮರ್ಜ್ (ಮುಖ್ಯ ಕೋಡ್‌ಗೆ ಸೇರಿಸುವುದು), ಟೆಸ್ಟಿಂಗ್, ರಿಲೀಸ್. ನಾನು ಯಾವ ತಂಡಕ್ಕೆ ಹೋದರೂ ಮೊದಲ ದಿನ ಮಾಡಿಸುವುದು ಇದನ್ನೇ. ಬಹುಪಾಲು ಒಂದೇ ಕಥೆ: ಕೆಲಸ ಎರಡು ದಿನದ್ದು, ಕಾಯುವುದು ಇಪ್ಪತ್ತು ದಿನ. ಬಿಲ್ಡ್ 20 ನಿಮಿಷದಿಂದ 10ಕ್ಕೆ ಇಳಿಯಿತು ಅಂತ ಸಂತೋಷಪಡುತ್ತೇವೆ, ಅದೇ ಕೋಡ್ ರಿವ್ಯೂಗಾಗಿ ನಾಲ್ಕು ದಿನ ಬಿದ್ದಿರುತ್ತದೆ. ಎಲ್ಲಿ ಕಾಯುತ್ತಿದೆಯೋ ಅಲ್ಲಿ ಕೈ ಹಾಕಿ.

ಆಮೇಲೆ ನಿಮ್ಮ 40 ಸಾಲಿನ ಚೆಕ್‌ಲಿಸ್ಟ್. ಅದನ್ನು ಎಸೆಯಬೇಡಿ, ನಿಮ್ಮ ತಂಡದ ಆಸ್ತಿ ಅದು. ಒಂದೊಂದೇ ಸಾಲನ್ನು ಸ್ಕ್ರಿಪ್ಟ್‌ಗೆ ತಿರುಗಿಸುತ್ತಾ ಹೋಗಿ. ವಾರಕ್ಕೆ ಐದು ಸಾಲು ಆದರೂ ಎರಡು ತಿಂಗಳಲ್ಲಿ ಮುಗಿಯುತ್ತದೆ. ಸ್ಕ್ರಿಪ್ಟ್‌ಗಳನ್ನು ತಾನಾಗಿ ಓಡಿಸುವ ಜೆಂಕಿನ್ಸ್, ಗಿಟ್‌ಲ್ಯಾಬ್ ಸಿಐ, ಗಿಟ್‌ಹಬ್ ಆಕ್ಷನ್ಸ್, ಈ ಟೂಲ್‌ಗಳಲ್ಲಿ ಯಾವುದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಕೋಡ್ ಎಲ್ಲಿದೆಯೋ ಅದರ ಜೊತೆಗೇ ಬರುವುದು ಸಾಕು. ಕೆಲಸವೆಲ್ಲ ಸ್ಕ್ರಿಪ್ಟ್‌ನಲ್ಲಿರಲಿ, ಪೈಪ್‌ಲೈನ್ (ಆ ಟೂಲ್ ಓಡಿಸುವ ಹಂತಗಳ ಸಾಲು) ಅದನ್ನು ಸುಮ್ನೆ ಕರೆಯಲಿ. ಹಾಗಿದ್ದರೆ ಟೂಲ್ ಬದಲಾಯಿಸುವುದು ಒಂದು ವಾರದ ಕೆಲಸ, ಇಲ್ಲದಿದ್ದರೆ ಆರು ತಿಂಗಳದ್ದು.

ಇಲ್ಲಿ ಒಂದು ತಪ್ಪನ್ನು ಮಾತ್ರ ದಯವಿಟ್ಟು ಮಾಡಬೇಡಿ. ಸ್ಟೇಜಿಂಗ್‌ಗೆ (ಪ್ರೊಡಕ್ಷನ್‌ಗೆ ಮುಂಚೆ ಪರೀಕ್ಷಿಸುವ ಸರ್ವರ್) ಒಂದು ಬಿಲ್ಡ್, ಪ್ರೊಡಕ್ಷನ್‌ಗೆ ಮತ್ತೊಂದು ಬಿಲ್ಡ್ ಬೇಡ. ಒಂದು ಸಲ ಬಿಲ್ಡ್ ಮಾಡಿ, ಅದೇ ಇಮೇಜ್ (ಬಿಲ್ಡ್‌ನಿಂದ ಬಂದ ಕಟ್ಟು) ಎಲ್ಲ ಕಡೆ ಹೋಗಲಿ, ಸೆಟ್ಟಿಂಗ್ ಮಾತ್ರ ಹೊರಗಿನಿಂದ ಬರಲಿ. ಹಿಂದೊಮ್ಮೆ ನಾನಿದ್ದ ತಂಡದಲ್ಲಿ ಸ್ಟೇಜಿಂಗ್ ಪೂರ್ತಿ ಪಾಸ್ ಆಗಿತ್ತು, ಪ್ರೊಡಕ್ಷನ್‌ಗೆ ಮತ್ತೆ ಬಿಲ್ಡ್ ಮಾಡಿದೆವು. ಆ ಎರಡು ಗಂಟೆಯ ನಡುವೆ ಒಂದು ಲೈಬ್ರರಿಯ ಹೊಸ ಆವೃತ್ತಿ ಬಂದಿತ್ತು, ನಾವು ಆವೃತ್ತಿ ಸಂಖ್ಯೆಯನ್ನು ಲಾಕ್ ಮಾಡಿರಲಿಲ್ಲ. ಕೋಡ್‌ನಲ್ಲಿ ಒಂದು ಅಕ್ಷರವೂ ವ್ಯತ್ಯಾಸ ಇಲ್ಲ, ಆದರೂ ಸರ್ವಿಸ್ ಏಳುತ್ತಲೇ ಇಲ್ಲ. ಕಾರಣ ಹುಡುಕಲು ಬೆಳಗಿನ ಜಾವ ಆಯಿತು. ಆ ರಾತ್ರಿ ನಾವು ಪರೀಕ್ಷೆ ಮಾಡಿದ್ದೇ ಒಂದು, ಕಳಿಸಿದ್ದೇ ಇನ್ನೊಂದು.

ಬ್ರಾಂಚ್‌ಗಳ (ಕೋಡ್‌ನ ಬೇರೆ ಬೇರೆ ಕವಲುಗಳ) ವಿಷಯಕ್ಕೆ ಬಂದರೆ, ಜೆಂಕಿನ್ಸ್ ಓಡುತ್ತಿದೆ, ಆದ್ದರಿಂದ ನಮ್ಮಲ್ಲಿ ಸಿಐ (ಕಂಟಿನ್ಯುಯಸ್ ಇಂಟಿಗ್ರೇಷನ್) ಇದೆ ಅಂತ ತುಂಬಾ ಜನ ನಂಬಿದ್ದಾರೆ. ಸಿಐನ ಮೂಲ ಅರ್ಥ, ಎಲ್ಲರೂ ತಮ್ಮ ಕೆಲಸವನ್ನು ದಿನಕ್ಕೊಮ್ಮೆಯಾದರೂ ಮುಖ್ಯ ಬ್ರಾಂಚ್‌ಗೆ ಸೇರಿಸುವುದು. ಮೂರು ವಾರ ಬೇರೆ ಬ್ರಾಂಚ್‌ನಲ್ಲಿ ಇದ್ದು ಕೊನೆಗೆ ಸೇರಿಸಿದರೆ ಪೈಪ್‌ಲೈನ್ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಅರ್ಧ ಮುಗಿದ ಕೆಲಸವನ್ನು ಹೇಗೆ ಸೇರಿಸುವುದು ಅಂತ ಕೇಳುತ್ತೀರಿ, ಅಲ್ವಾ? ಅದಕ್ಕೇ ಫೀಚರ್ ಫ್ಲ್ಯಾಗ್ ಇರುವುದು. ಕೋಡ್ ಪ್ರೊಡಕ್ಷನ್‌ನಲ್ಲಿ ಇರುತ್ತದೆ, ಫ್ಲ್ಯಾಗ್ ಆಫ್ ಆಗಿರುತ್ತದೆ. ಮುಗಿದ ಮೇಲೆ ಮೊದಲು ನಿಮ್ಮ ತಂಡಕ್ಕೆ ಮಾತ್ರ ಆನ್, ಆಮೇಲೆ ಕೆಲವು ಬಳಕೆದಾರರಿಗೆ, ಆಮೇಲೆ ಎಲ್ಲರಿಗೆ. ಕೆಟ್ಟರೆ ಫ್ಲ್ಯಾಗ್ ಆಫ್ ಮಾಡುತ್ತೀರಿ, ರೋಲ್‌ಬ್ಯಾಕ್‌ಗೆ ಓಡುವ ಅಗತ್ಯವೇ ಬರುವುದಿಲ್ಲ. ನಿಮ್ಮ ಶನಿವಾರ ರಾತ್ರಿಗಳನ್ನು ಉಳಿಸುವುದು ಬಹುಶಃ ಇದೊಂದೇ ಬದಲಾವಣೆ.

ಆದರೆ ಫ್ಲ್ಯಾಗ್‌ಗೂ ಅಪಾಯವಿದೆ, ಅದನ್ನು ತಿಳಿದುಕೊಂಡೇ ಇಳಿಯಿರಿ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಕಂಪನಿ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಹೊಸ ಕೋಡ್ ಎಂಟು ಸರ್ವರ್‌ಗೆ ಹೋಗಬೇಕಿತ್ತು. ಕೈಯಲ್ಲಿ ಹಾಕುವಾಗ ಒಂದು ತಪ್ಪಿಹೋಯಿತು. ಹೊಸ ಫೀಚರ್‌ಗೆ ಅವರು ಆರಿಸಿದ ಫ್ಲ್ಯಾಗ್, ಹಿಂದೆ ಯಾವುದೋ ಕಾಲದಲ್ಲಿ ಬಿಟ್ಟುಬಿಟ್ಟ ಹಳೆಯ ಕೋಡ್‌ಗೆ ಇದ್ದದ್ದೇ. ಆ ಹಳೆಯ ಕೋಡ್ ಎಂಟನೆಯ ಸರ್ವರ್‌ನಲ್ಲಿ ಇನ್ನೂ ಜೀವಂತ ಇತ್ತು. ಫ್ಲ್ಯಾಗ್ ಆನ್ ಆದ ತಕ್ಷಣ ಅದು ಎದ್ದು ಕುಳಿತು ಒಂದರ ಹಿಂದೆ ಒಂದು ಆರ್ಡರ್ ಕಳಿಸಿತು. ಆದ್ದರಿಂದ ಫ್ಲ್ಯಾಗ್ ಸೃಷ್ಟಿಸಿದ ದಿನವೇ ಅದನ್ನು ಅಳಿಸುವ ದಿನ ಬರೆದಿಡಿ, ಹಳೆಯ ಹೆಸರನ್ನು ಮತ್ತೆ ಬಳಸಬೇಡಿ, ಸರ್ವರ್‌ಗಳಿಗೆ ಕೋಡ್ ಹಾಕುವ ಕೆಲಸವನ್ನು ಮನುಷ್ಯರ ಕೈಗೆ ಬಿಡಬೇಡಿ.

ಟೆಸ್ಟ್‌ಗಳ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಎಷ್ಟು ಇವೆ ಎನ್ನುವುದಕ್ಕಿಂತ ನಂಬಬಹುದೇ ಎನ್ನುವುದು ಮುಖ್ಯ. 200 ಟೆಸ್ಟ್ ಇವೆ, ಒಂದೊಂದೂ ಕಾರಣವಿಲ್ಲದೆ 200 ಸಲಕ್ಕೆ ಒಂದು ಸಲ ಫೇಲ್ ಆಗುತ್ತದೆ ಎಂದುಕೊಳ್ಳಿ. ಕೇಳಿದರೆ ಅಷ್ಟೇನಾ ಅನಿಸುತ್ತದೆ. ಲೆಕ್ಕ ಹಾಕಿದರೆ ಪೂರ್ತಿ ಓಟ ಪಾಸ್ ಆಗುವುದು ಸುಮಾರು ಶೇ 37ರಷ್ಟು ಸಲ ಮಾತ್ರ. ಹುಲಿ ಬಂತು ಹುಲಿ ಕಥೆ ಶುರುವಾಗುತ್ತದೆ: ಕೆಂಪು ಬಂದರೆ ಎಲ್ಲರೂ ನೋಡದೆಯೇ ಮತ್ತೆ ಓಡಿಸುತ್ತಾರೆ, ನಿಜವಾದ ತೊಂದರೆ ಬಂದ ದಿನವೂ ಹಾಗೇ. ಅಂಥ ಟೆಸ್ಟ್ ಕಂಡ ದಿನವೇ ಪಕ್ಕಕ್ಕಿಡಿ, ಒಂದು ವಾರದಲ್ಲಿ ಸರಿಮಾಡಿ ಇಲ್ಲವೇ ಅಳಿಸಿ. ಮರ್ಜ್‌ಗೆ ಮುಂಚಿನ ಓಟ ಹತ್ತು ನಿಮಿಷದೊಳಗೆ ಮುಗಿಯಲಿ.

ಈಗ ಡೇಟಾಬೇಸ್. ನಿಮ್ಮ ಎರಡು ರೋಲ್‌ಬ್ಯಾಕ್‌ಗಳು ಇಷ್ಟು ನೋವು ಕೊಟ್ಟದ್ದು ಇಲ್ಲಿಯೇ ಇರಬೇಕು ಅಂತ ನನ್ನ ಊಹೆ. ಕೋಡ್ ಹಿಂದಕ್ಕೆ ಬರುತ್ತದೆ, ಡೇಟಾ ಬರುವುದಿಲ್ಲ. ಕಾಲಮ್ ಅಳಿಸಿದ ಮೇಲೆ ಹಳೆಯ ಕೋಡ್‌ಗೆ ಮರಳಿದರೆ ಅದು ಇಲ್ಲದ ಕಾಲಮ್ ಹುಡುಕುತ್ತದೆ. ಇದಕ್ಕೆ ಮದ್ದು, ಒಂದು ಬದಲಾವಣೆಯನ್ನು ಹಲವು ರಿಲೀಸ್‌ಗೆ ಹಂಚುವುದು. "ಪೂರ್ಣ ಹೆಸರು" ಕಾಲಮ್ ಅನ್ನು ಎರಡು ಮಾಡಬೇಕು ಎಂದುಕೊಳ್ಳಿ. ಮೊದಲ ರಿಲೀಸ್‌ನಲ್ಲಿ ಎರಡು ಹೊಸ ಕಾಲಮ್ ಸೇರಿಸಿ, ಖಾಲಿ ಇರಲಿ, ಹಳೆಯ ಕೋಡ್‌ಗೆ ಗೊತ್ತೇ ಆಗುವುದಿಲ್ಲ. ಎರಡನೆಯದರಲ್ಲಿ ಕೋಡ್ ಹಳೆಯದಕ್ಕೂ ಹೊಸದಕ್ಕೂ ಬರೆಯಲಿ, ಓದುವುದು ಹಳೆಯದರಿಂದಲೇ. ಹಳೆಯ ಸಾಲುಗಳನ್ನು ಹಿನ್ನೆಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ತುಂಬಿಸಿ. ಮುಂದಿನ ರಿಲೀಸ್‌ನಲ್ಲಿ ಓದುವುದನ್ನು ಹೊಸದಕ್ಕೆ ಬದಲಾಯಿಸಿ. ಒಂದೆರಡು ವಾರ ಎಲ್ಲ ಸರಿಯಿದ್ದರೆ ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಿ, ಕಟ್ಟಕಡೆಗೆ ಅಳಿಸಿ. ಕೊನೆಯ ಹೆಜ್ಜೆಯವರೆಗೆ ಯಾವ ಹಂತದಲ್ಲಿ ಬೇಕಾದರೂ ಒಂದು ಹೆಜ್ಜೆ ಹಿಂದೆ ಬರಬಹುದು. ಉದ್ದದ ದಾರಿ, ಬೇಸರವೂ ಹೌದು. ಆದರೆ ನಾನು ಬಲ್ಲ ಸುರಕ್ಷಿತ ದಾರಿ ಇದೇ.

ಪೋಸ್ಟ್‌ಗ್ರೆಸ್ ಬಳಸುತ್ತಿದ್ದೀರಿ ಎಂದಿದ್ದೀರಿ. ದೊಡ್ಡ ಟೇಬಲ್‌ಗೆ ಸಾಮಾನ್ಯ ರೀತಿಯಲ್ಲಿ ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಸೂಚಿ) ಹಾಕಿದರೆ ಅದು ಮುಗಿಯುವವರೆಗೆ ಬರಹಗಳು ನಿಂತುಬಿಡುತ್ತವೆ. ಕನ್‌ಕರೆಂಟ್ಲಿ ಎಂಬ ಆಯ್ಕೆ ಸೇರಿಸಿದರೆ ನಿಲ್ಲುವುದಿಲ್ಲ, ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ. ಮೈಗ್ರೇಷನ್‌ಗಳಿಗೆ (ಡೇಟಾಬೇಸ್ ರಚನೆ ಬದಲಿಸುವ ಸ್ಕ್ರಿಪ್ಟ್‌ಗಳಿಗೆ) ಲಾಕ್ ಟೈಮ್‌ಔಟ್ (ಟೇಬಲ್‌ನ ಬೀಗಕ್ಕಾಗಿ ಕಾಯುವ ಮಿತಿ) ಇಡಿ, ಕೆಲವೇ ಸೆಕೆಂಡ್ ಇರಲಿ. ಲಾಕ್ ಸಿಗದಿದ್ದರೆ ಮೈಗ್ರೇಷನ್ ಸೋಲಲಿ, ಸೈಟ್ ಸಾಲುಗಟ್ಟಿ ನಿಲ್ಲುವುದು ಬೇಡ.

ಬ್ಯಾಕಪ್ ಇದೆ ಅಂತ ನಂಬಿಕೊಂಡು ಕೂರಬೇಡಿ, ತಿಂಗಳಿಗೊಮ್ಮೆ ಬೇರೆ ಸರ್ವರ್ ಮೇಲೆ ರಿಸ್ಟೋರ್ ಮಾಡಿ ನೋಡಿ. 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ರಾತ್ರಿ ಹೊತ್ತು, ಪಕ್ಕದ ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸ್‌ನ ಡೇಟಾವನ್ನೇ ಅಳಿಸಿದರು. ಬ್ಯಾಕಪ್ ನೋಡಲು ಹೋದರೆ ಆವೃತ್ತಿ ಹೊಂದದ ಕಾರಣ ಅದು ಆಗುತ್ತಲೇ ಇರಲಿಲ್ಲ, ಆಗುತ್ತಿಲ್ಲ ಎಂದು ಹೇಳಬೇಕಿದ್ದ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ನಕಲು ಸಿಕ್ಕಿತು. ಅವರು ನಡೆದದ್ದನ್ನೆಲ್ಲ ಬಿಚ್ಚಿ ಬರೆದು ಎಲ್ಲರಿಗೂ ಓದಲು ಇಟ್ಟರು. ಒಬ್ಬ ಮನುಷ್ಯನ ಒಂದು ತಪ್ಪು ಕಮಾಂಡ್ ಇಷ್ಟು ದೂರ ಹೋಗಲು ದಾರಿ ಹೇಗೆ ಸಿಕ್ಕಿತು ಎಂಬುದೇ ಅವರ ಪ್ರಶ್ನೆಯಾಗಿತ್ತು.

ನಿಮ್ಮ ಆ ಹುಡುಗನ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಅದೇ. ಅವನು ಬರೆದದ್ದನ್ನು ಯಾರೋ ರಿವ್ಯೂ ಮಾಡಿದ್ದರು, ಟೆಸ್ಟರ್ ನೋಡಿದ್ದರು, ಚೆಕ್‌ಲಿಸ್ಟ್ ಆಗಿತ್ತು. ಎಲ್ಲ ದಾಟಿ ಬಂತು ಎಂದರೆ ಬೇಲಿಯಲ್ಲೇ ತೂತಿದೆ. ಬೈದರೆ ಮುಂದಿನ ಸಲ ತಪ್ಪು ಮಾಡಿದವರು ಬಾಯಿ ಬಿಡುವುದಿಲ್ಲ, ಅಷ್ಟೇ. ತೊಂದರೆಯಾದ ಹೊತ್ತಿನಲ್ಲಿ ನಿಮಗೆ ಅತ್ಯಂತ ಬೇಕಾದದ್ದು "ಅಯ್ಯೋ, ಇದು ನನ್ನಿಂದ ಆಗಿರಬಹುದು" ಎಂದು ಎರಡನೇ ನಿಮಿಷಕ್ಕೇ ಹೇಳುವ ಮನುಷ್ಯ. ಆ ಮಾಡ್ಯೂಲ್‌ಗೆ ಮುಂದಿನ ಚಿಕ್ಕ ಬದಲಾವಣೆಯನ್ನು ನೀವೇ ಅವನ ಜೊತೆ ಕೂತು ಮಾಡಿ. ಮೇಲಿನವರ ಹತ್ತಿರ ಖಾಸಗಿಯಾಗಿ ಮಾತಾಡಿ, ಬಿಡಬೇಡಿ. ಇದು ಸರಿಹೋಗದೆ ನಾನು ಮೇಲೆ ಹೇಳಿದ ಯಾವುದೂ ನಿಲ್ಲುವುದಿಲ್ಲ.

ಡಿಪ್ಲಾಯ್ ಮಾಡುವ ವಿಧಾನಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದೊಂದೇ ಸರ್ವರ್ ಬದಲಾಯಿಸುವ ರೋಲಿಂಗ್ ವಿಧಾನ ನಿಮಗೆ ಸಾಕು. ಸ್ವಲ್ಪ ಹೊತ್ತು ಹಳೆಯದೂ ಹೊಸದೂ ಒಟ್ಟಿಗೆ ಓಡುತ್ತವೆ ಎಂಬುದು ನೆನಪಿರಲಿ. ಬ್ಲೂ-ಗ್ರೀನ್‌ನಲ್ಲಿ ಸರ್ವರ್‌ಗಳ ಪೂರ್ತಿ ಎರಡನೇ ಗುಂಪನ್ನು ಸಿದ್ಧವಾಗಿಟ್ಟು ಬಳಕೆದಾರರನ್ನು ಒಮ್ಮೆಲೇ ಅದರ ಕಡೆ ತಿರುಗಿಸುತ್ತೀರಿ. ಹಿಂದೆ ಬರುವುದು ಸುಲಭ, ಖರ್ಚು ಜಾಸ್ತಿ, ಡೇಟಾಬೇಸ್ ಮಾತ್ರ ಎರಡಕ್ಕೂ ಒಂದೇ. ಕ್ಯಾನರಿ ಎಂದರೆ ಶೇ 5ರಷ್ಟು ಜನರಿಗೆ ಮೊದಲು ಕೊಟ್ಟು ನೋಡುವುದು. ಕೇಳಲು ಚೆನ್ನ, ಆದರೆ ನಿಮಿಷಕ್ಕೆ ಇಪ್ಪತ್ತು ರಿಕ್ವೆಸ್ಟ್ ಬರುವ ಸೈಟ್‌ನಲ್ಲಿ ಶೇ 5 ಎಂದರೆ ಒಂದೇ ರಿಕ್ವೆಸ್ಟ್, ಅದರಿಂದ ಏನೂ ತಿಳಿಯುವುದಿಲ್ಲ. ಯಾವುದೇ ಆಗಲಿ, ಕಾನ್ಫಿಗ್ ಫೈಲ್ ಬದಲಾವಣೆಯೂ ಅದೇ ದಾರಿಯಲ್ಲಿ ಹೋಗಲಿ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಬೀಳಿಸಿತಲ್ಲ, ಅದು ಪ್ರೋಗ್ರಾಂನ ಹೊಸ ಆವೃತ್ತಿ ಆಗಿರಲಿಲ್ಲ. ಒಂದು ಕಂಟೆಂಟ್ ಫೈಲ್, ಹಂತ ಹಂತವಾಗಿ ಹೋಗದೆ ಎಲ್ಲರಿಗೂ ಒಟ್ಟಿಗೆ ಹೋಯಿತು.

ಡಿಪ್ಲಾಯ್ ಆದ ಮೇಲೆ ಸರಿಯಿದೆಯೋ ಇಲ್ಲವೋ ತಿಳಿಯಬೇಕಲ್ಲ. ಮೊದಲು ಎರಡೇ ಗ್ರಾಫ್ ಸಾಕು: ಎಷ್ಟು ರಿಕ್ವೆಸ್ಟ್ ಫೇಲ್ ಆಗುತ್ತಿವೆ, ಉತ್ತರ ಬರಲು ಎಷ್ಟು ಹೊತ್ತು. ಪ್ರತಿ ಡಿಪ್ಲಾಯ್ ಆದ ಕ್ಷಣವನ್ನು ಅದರ ಮೇಲೆ ಒಂದು ಗೆರೆಯಾಗಿ ತೋರಿಸಿ. ಅಳತೆಗಳನ್ನು ಸಂಗ್ರಹಿಸುವ ಪ್ರೊಮಿಥಿಯಸ್ ಮತ್ತು ಗ್ರಾಫ್ ತೋರಿಸುವ ಗ್ರಫಾನಾ ಇದಕ್ಕೆ ಧಾರಾಳ. ಸಿಪಿಯು ಶೇ 80 ದಾಟಿತು ಅಂತ ರಾತ್ರಿ ಎಬ್ಬಿಸುವ ಅಲರ್ಟ್ ಬೇಡ, ಬಳಕೆದಾರರಿಗೆ ತೊಂದರೆಯಾದಾಗ ಎಬ್ಬಿಸಲಿ. ಮೇಲಿನವರು ಶೇ 99.9 ಲಭ್ಯತೆ ಬೇಕು ಅಂದರೆ, 30 ದಿನಕ್ಕೆ 43 ನಿಮಿಷ ಕೆಡಲು ಅವಕಾಶ ಕೊಟ್ಟಿದ್ದಾರೆ ಎಂದೇ ಅರ್ಥ. ಆ 43 ನಿಮಿಷವನ್ನು ಬಜೆಟ್‌ನಂತೆ ನೋಡಿ: ಉಳಿದಿದ್ದರೆ ಧೈರ್ಯವಾಗಿ ಮುಂದುವರಿಯಿರಿ, ಮುಗಿದಿದ್ದರೆ ಹೊಸ ಫೀಚರ್ ನಿಲ್ಲಿಸಿ ರಿಪೇರಿಗೆ ಕೂರಿ.

ನಿಮ್ಮ ಹೊಸ ಪದವಿಯ ಬಗ್ಗೆ ಒಂದು ಎಚ್ಚರಿಕೆ. ಎಂಟು ಜನ ಕೋಡ್ ಬರೆದು ನಿಮ್ಮ ಕಡೆ ಎಸೆದು, ನೀವೊಬ್ಬರೇ ಡಿಪ್ಲಾಯ್ ಮಾಡುವ ಹಾಗಾದರೆ ಹಳೆಯ ಗೋಡೆಗೆ ಹೊಸ ಬಣ್ಣ ಬಳಿದಂತೆ. ಒಪ್ಪಿಕೊಳ್ಳುವ ಮೊದಲೇ ಮಾತಾಡಿಕೊಳ್ಳಿ: ದಾರಿ ಕಟ್ಟುವುದು ನನ್ನ ಕೆಲಸ, ಆ ದಾರಿಯಲ್ಲಿ ನಡೆಯುವುದು ಎಲ್ಲರದ್ದು. ಕೋಡ್ ಬರೆದವರೇ ಬಟನ್ ಒತ್ತಲಿ, ಮುಂದಿನ ಅರ್ಧ ಗಂಟೆ ಗ್ರಾಫ್ ಅವರೇ ನೋಡಲಿ.

ಮುಂದಿನ ಶನಿವಾರದ ರಿಲೀಸ್ ಹೇಗೂ ಇದೆ, ಅದನ್ನು ನಿಲ್ಲಿಸಲು ಹೋಗಬೇಡಿ. ಅದರ ಪಟ್ಟಿಯಿಂದ ಅತ್ಯಂತ ಚಿಕ್ಕದೊಂದನ್ನು, ಪರದೆಯ ಮೇಲಿನ ಯಾವುದೋ ಒಂದು ಪದದ ತಿದ್ದುಪಡಿ ಆದರೂ ಸರಿ, ತೆಗೆದುಕೊಳ್ಳಿ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲರೂ ಎಚ್ಚರ ಇರುವಾಗ, ಅದೊಂದನ್ನೇ ಪ್ರೊಡಕ್ಷನ್‌ಗೆ ಕಳಿಸಿ. ಚೆಕ್‌ಲಿಸ್ಟ್‌ನ 40 ಸಾಲುಗಳಲ್ಲಿ ಎಷ್ಟು ನಿಜವಾಗಿ ಬೇಕಾದವು, ಎಲ್ಲಿ ಕೈ ನಡುಗಿತು, ಬರೆದಿಡಿ. ಬಟನ್ ಒತ್ತಲು ಆ ಹುಡುಗನನ್ನೇ ಕರೆಯಿರಿ.